ಮಾತು ಹೊತ್ತು ಬಂದವರು

ಸಿಂಧನೂರು ತಾಲ್ಲೂಕಿನ ಮುಕ್ಕುಂದದಲ್ಲಿ ತುಂಗಭದ್ರೆಯ ದಂಡೆಗೆ ನಿಂತು ನೋಡಿದರೆ ಆಚೆ ದಡದ್ದು ಬಳ್ಳಾರಿ ಸೀಮೆ. ಇನ್ನೂರು ವರ್ಷಗಳ ಹಿಂದೆ ಈ ನೀರು ಎರಡು ಸರಕಾರಗಳ ನಡುವೆ ಹರಿಯುತ್ತಿತ್ತು. ಈಚೆಗೆ ಹೈದರಾಬಾದಿನ ನಿಜಾಮನ ಆಳ್ವಿಕೆ. ಆಚೆಗೆ, 1800ರಲ್ಲಿ ಅದೇ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳು. ಎರಡೂ ದಡದ ಮಣ್ಣು ಅದೇ ಎರೆ, ಬೆಳೆ ಅದೇ ಜೋಳ, ಮಾತು ಅದೇ ಕನ್ನಡ. ಹರಿಗೋಲು ಹತ್ತಿದವನಿಗೆ ಸರಕಾರ ಬದಲಾಗುತ್ತಿತ್ತು, ಮಾತು ಬದಲಾಗುತ್ತಿರಲಿಲ್ಲ.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗೆ ದಂಡು ಬಂದ ಲೆಕ್ಕವನ್ನು ಇತಿಹಾಸದ ಪುಸ್ತಕಗಳು ಚೆನ್ನಾಗಿಯೇ ಇಟ್ಟಿವೆ. ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು ರಾಯಚೂರು, ಮುದಗಲ್ ಕೋಟೆಗಳಿಗಾಗಿ ತಲೆಮಾರುಗಟ್ಟಲೆ ಕಾದಾಡಿದರು. ಕತ್ತಿಯಿಲ್ಲದೆ, ಬರೀ ಒಂದು ಮಾತನ್ನು ಹೊತ್ತುಕೊಂಡು ಬಂದವರ ಲೆಕ್ಕ ಇನ್ನೊಂದಿದೆ. ಅದರ ಮೊದಲ ಸಾಲು ಮಸ್ಕಿಯ ಬಂಡೆಯ ಮೇಲಿದೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದ ಆ ಶಾಸನ, ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿತು. ಅದರಲ್ಲಿರುವ ಸಂದೇಶ ನನಗೆ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ದೊಡ್ಡವರಿಗಷ್ಟೇ ಈ ದಾರಿ ಎಂದು ತಿಳಿಯಬೇಡಿ, ಸಣ್ಣವನೂ ಧರ್ಮದಲ್ಲಿ ನಡೆದರೆ ಅಲ್ಲಿಗೆ ಮುಟ್ಟಬಲ್ಲ ಎಂಬುದು ಅದರ ತಿರುಳು. ಆದರೆ ಅದನ್ನು ಕೊರೆದದ್ದು ಪ್ರಾಕೃತದಲ್ಲಿ, ಬ್ರಾಹ್ಮಿ ಲಿಪಿಯಲ್ಲಿ. ಕಾಲ ಕಳೆದಂತೆ ಬಂಡೆ ಉಳಿಯಿತು, ಓದುವವರು ಇಲ್ಲವಾದರು. ಸುತ್ತ ದನ ಮೇಯಿಸಿಕೊಂಡಿದ್ದ ಎಷ್ಟೋ ತಲೆಮಾರಿಗೆ ಅದು ಗೀರು ಬಿದ್ದ ಕಲ್ಲಾಗಿತ್ತು.

ದೂರದಿಂದ ಮಾತು ತಂದವರೆಲ್ಲರ ಎದುರಿಗೆ ಆ ಬಂಡೆ ಒಂದು ಪ್ರಶ್ನೆ ಇಟ್ಟಿದೆ ಎಂದು ನನಗೆ ಅನ್ನಿಸುತ್ತದೆ: ತಂದ ಮಾತನ್ನು ಈ ನೆಲದ ನಾಲಗೆಗೆ ಕೊಟ್ಟೆಯಾ? 19ನೆಯ ಶತಮಾನದಲ್ಲಿ ಸಮುದ್ರ ದಾಟಿ ಕನ್ನಡ ನಾಡಿಗೆ ಬಂದ ಕ್ರೈಸ್ತ ಮಿಶನರಿಗಳ ದಿನಚರಿಯನ್ನು ಈ ಪ್ರಶ್ನೆ ಹಿಡಿದೇ ಓದಬೇಕು.

ಮುದಗಲ್ಲಿನ ಗುಡಿ, ಬಳ್ಳಾರಿಯ ಬಂಗಲೆ

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿರುವ ಕ್ಯಾಥೊಲಿಕ್ ಇಗರ್ಜಿ 1557ಕ್ಕೂ ಮೊದಲಿನದು ಎಂದು ಹೇಳಲಾಗುತ್ತದೆ. ಕಟ್ಟಿದವರು ಗೋವಾದಿಂದ ಬಂದ ಯೇಸುಸಭೆಯ ಪಾದ್ರಿಗಳು. ವಿಜಯನಗರ ಬಿದ್ದ 1565ರ ಯುದ್ಧ ಇನ್ನೂ ನಡೆದಿರಲಿಲ್ಲ. ಪೋರ್ಚುಗೀಸರು ಕರಾವಳಿಯಲ್ಲಿ ಬಿಜಾಪುರದ ಸುಲ್ತಾನರೊಡನೆ ಜಗಳವಾಡುತ್ತಿದ್ದ ಕಾಲದಲ್ಲೇ, ಕರಾವಳಿಯಿಂದ ಇಷ್ಟು ಒಳಗೆ, ಕೋಟೆಯ ಊರಿನಲ್ಲಿ, ಒಂದು ಸಣ್ಣ ಕ್ರೈಸ್ತ ಸಮುದಾಯ ನೆಲೆ ನಿಂತಿತು. ಮುದಗಲ್ಲಿನ ಮೊಹರಂಗೆ ಹಿಂದೂ ಮುಸ್ಲಿಮರೆನ್ನದೆ ಇಡೀ ಸೀಮೆ ಸೇರುವುದನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, ಚಾಂದ್‌ಬೀಬಿಯ ಮೇಲೆ ಬರೆದ, 1878ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ ಈ ಮುದಗಲ್ಲಿನ ಪಾದ್ರಿಯ ಮನೆಗೂ ಜಾಗ ಕೊಟ್ಟ.

ಮುದಗಲ್ಲಿನ ಆ ಮೊದಲ ಪಾದ್ರಿಗಳ ದಿನಗಳು ಕಾಲದ ಹಿಂದೆ ಸರಿದುಹೋಗಿವೆ. ಬಳ್ಳಾರಿಗೆ ಬಂದವನ ದಿನಗಳು ಹಾಗಲ್ಲ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಹೋಗಬೇಕೆಂದುಕೊಂಡದ್ದು ಶ್ರೀರಂಗಪಟ್ಟಣಕ್ಕೆ, ಸಿಕ್ಕಿದ್ದು ಬಳ್ಳಾರಿಯ ಬಿಸಿಲು. ಕಂಪನಿ ಸರಕಾರ ಆಗಿನ್ನೂ ಮಿಶನರಿಗಳನ್ನು ಒಲ್ಲದ ನೆಂಟರಂತೆ ನೋಡುತ್ತಿತ್ತು. ಅವರು ಬಂದರೆ ಜನ ಕೆರಳುತ್ತಾರೆ, ವ್ಯಾಪಾರ ಕೆಡುತ್ತದೆ ಎಂಬ ಭಯ ಅದಕ್ಕೆ. ಬಾಗಿಲು ಸ್ವಲ್ಪ ತೆರೆದದ್ದು 1813ರ ಸನ್ನದಿನಿಂದ.

ಹ್ಯಾಂಡ್ಸ್ ಬರುವ ಒಂದು ವರ್ಷ ಮೊದಲು, 1809ರಲ್ಲಿ, ನದಿಯ ಈ ದಡದ ಮಾನ್ವಿಯಲ್ಲಿ ಹರಿದಾಸರಾದ ಜಗನ್ನಾಥದಾಸರು ತೀರಿಕೊಂಡಿದ್ದರು. ಅದೇ ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು, ಲಿಂಗಸುಗೂರಿನ ಪ್ರಾಣೇಶದಾಸರು, ಹೀಗೆ ಎಡೆದೊರೆಯೆಲ್ಲ ತಂಬೂರಿ ಹಿಡಿದು ನಡೆದಾಡಿದವರ ನಾಡು. ಶರಣರ ವಚನ, ದಾಸರ ಪದ, ತತ್ವಪದಕಾರರ ಏಕತಾರಿ. ದೇವರ ಮಾತನ್ನು ಹಾದಿಯಲ್ಲಿ ಹಾಡುತ್ತ ಹೋಗುವವರನ್ನು ಈ ಜನ ಶತಮಾನಗಳಿಂದ ಕಂಡಿದ್ದರು. ಅವರ ಪದ ಯಾವುದು ಹದವಾಗಿದೆ, ಯಾವುದು ಹುಸಿ ಎಂದು ಕಿವಿಯಿಂದಲೇ ಅಳೆಯುತ್ತಿದ್ದರು. ಇಂಥ ಕಿವಿಗಳ ಮುಂದೆ ಬಾಯಿ ತೆರೆಯಬೇಕಾಗಿದ್ದುದು, ಕನ್ನಡದ ಒಂದು ಅಕ್ಷರವೂ ಬಾರದ ಒಬ್ಬ ಇಂಗ್ಲಿಷ್ ಯುವಕ.

ಅವನ ಕೈಗೆ ಆಸರೆಯಾಗಿ ಅಚ್ಚಾದ ನಿಘಂಟು ಇರಲಿಲ್ಲ, ವ್ಯಾಕರಣವೂ ಇರಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಅದಕ್ಕೂ ಮೊದಲು, 1812ರ ಮಾರ್ಚಿನಲ್ಲಿ, ಅಲ್ಲಿನ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಕನ್ನಡದ ಹಸ್ತಪ್ರತಿಗಳೂ ಸುಟ್ಟುಹೋದವು. ಆದ್ದರಿಂದ ಹ್ಯಾಂಡ್ಸ್ ಮಾಡಿದ್ದು ಮಕ್ಕಳು ಮಾಡುವ ಕೆಲಸ: ಕೇಳುವುದು, ತೋರಿಸಿ ಹೆಸರು ಕೇಳುವುದು, ಬರೆದುಕೊಳ್ಳುವುದು, ತಪ್ಪು ಆಡಿ ತಿದ್ದಿಸಿಕೊಳ್ಳುವುದು. ಹೀಗೆ ಕಲಿತ ಕನ್ನಡದಲ್ಲಿ ಅವನು ಬೈಬಲನ್ನು ತರ್ಜುಮೆ ಮಾಡತೊಡಗಿದ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಮುಗಿಯುವ ಹೊತ್ತಿಗೆ 1831 ಆಗಿತ್ತು. ಬಳ್ಳಾರಿಗೆ ಬಂದು ಇಪ್ಪತ್ತೊಂದು ವರ್ಷ. 1816ರಲ್ಲಿ ಅವನ ಜೊತೆಗೂಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದ. ಜನರಿಗೆ ಪಾಠ ಹೇಳಲೆಂದು ಬಂದವರು ತಮ್ಮ ಆಯುಷ್ಯದ ಹುರುಪಿನ ವರ್ಷಗಳನ್ನೆಲ್ಲ ಪಾಠ ಕೇಳುತ್ತ ಕಳೆದರು.

ಒಂದು ದಿನದ ಲೆಕ್ಕ

ಕನ್ನಡ ನಾಡಿನಲ್ಲಿ ಮಿಶನರಿ ಬದುಕು ಹೇಗಿತ್ತೆಂದು ತಿಳಿಯಲು ಬಾಸೆಲ್ ಮಿಶನ್ನಿನಷ್ಟು ತುಂಬಿದ ಉದಾಹರಣೆ ಇನ್ನೊಂದಿಲ್ಲ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಈ ಸಂಸ್ಥೆಗೆ ಜನ ಬಂದದ್ದು ಹೆಚ್ಚಾಗಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯಿಂದ. ಒಕ್ಕಲಿಗರ, ನೇಕಾರರ, ಕುಶಲಕರ್ಮಿಗಳ ಮಕ್ಕಳು. ಬ್ರಿಟಿಷರಲ್ಲದ ಮಿಶನರಿಗಳಿಗೆ ಭಾರತದ ಬಾಗಿಲು ತೆರೆದದ್ದು 1833ರ ಸನ್ನದಿನಿಂದ. ಮರು ವರ್ಷವೇ ಸ್ಯಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಹಡಗು ಹತ್ತಿದರು. ಆಫ್ರಿಕಾದ ತುದಿ ಸುತ್ತಿಕೊಂಡು ಬಂದು 1834ರ ಅಕ್ಟೋಬರಿನಲ್ಲಿ ಕೋಳಿಕ್ಕೋಡಿನಲ್ಲಿ ಇಳಿದರು. ಅದೇ ತಿಂಗಳ 30ರಂದು ಮಂಗಳೂರು ಮುಟ್ಟಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ಘಟ್ಟ ಹತ್ತಿ ಎರೆ ನಾಡಿಗೆ ಬಂದರು.

ಅವರ ದಿನ ಬೆಳಗಿನ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು. ಆಮೇಲೆ ಮುನ್ಶಿಯ ಪಾಠ. ಊರಿನ ವಿದ್ವಾಂಸನೊಬ್ಬ ಸಂಬಳಕ್ಕೆ ಬಂದು ಓಲೆಗರಿ ಬಿಡಿಸಿ ಕೂಡುತ್ತಿದ್ದ. ಎದುರಿಗೆ ಕುಳಿತವನು ಮಹಾಪ್ರಾಣ, ಅಲ್ಪಪ್ರಾಣ, ಳಕಾರ, ಲಕಾರ ಎಂದು ನಾಲಗೆ ಹೊರಳಿಸುತ್ತಿದ್ದ. ಗುರು ಹೇಳಿಕೊಟ್ಟದ್ದು ಪುಸ್ತಕದ ಕನ್ನಡ. ಸಂತೆಗೆ ಹೋದರೆ ಆ ಕನ್ನಡ ಯಾರಿಗೂ ತಿಳಿಯುತ್ತಿರಲಿಲ್ಲ, ಸಂತೆಯ ಕನ್ನಡ ಇವನಿಗೆ ತಿಳಿಯುತ್ತಿರಲಿಲ್ಲ. ಮಂಗಳೂರಿನಲ್ಲಿ ಕಲಿತು ಧಾರವಾಡಕ್ಕೆ ಹೋದವನು ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು. ಹಗಲು ಶಾಲೆ, ಲೆಕ್ಕಪತ್ರ, ಜಗಳದ ಪಂಚಾಯಿತಿ, ಜ್ವರದವರಿಗೆ ಔಷಧ. ಸಂಜೆ ಅಗಸೆ ಬಾಗಿಲ ಬಳಿಯೋ ಗುಡಿಯ ಕಟ್ಟೆಯ ಬಳಿಯೋ ನಿಂತು ಉಪದೇಶ. ರಾತ್ರಿ ದೀಪದ ಬುಡದಲ್ಲಿ ಬಾಸೆಲ್ಲಿನ ಸಮಿತಿಗೆ ವರದಿ. ಆ ವರದಿ ಹೋಗಿ ಉತ್ತರ ಬರುವಷ್ಟರಲ್ಲಿ ಒಂದು ಬೆಳೆ ಬಿತ್ತಿ ಕೊಯ್ದಾಗಿರುತ್ತಿತ್ತು.

ಮಳೆಗಾಲ ಕಳೆದು ಹಾದಿ ಒಣಗಿದ ಮೇಲೆ ತಿರುಗಾಟ. ಎತ್ತಿನ ಬಂಡಿಯಲ್ಲಿ ಡೇರೆ, ಅಡಿಗೆಯ ಸಾಮಾನು, ಸಣ್ಣ ಪುಸ್ತಕಗಳ ಗಂಟು. ಜೊತೆಗೆ ಇಬ್ಬರು ಮೂವರು ಉಪದೇಶಿಗಳು, ಅಂದರೆ ಇಲ್ಲಿಯವರೇ ಆದ ಕ್ರೈಸ್ತ ಬೋಧಕರು. ಹಾದಿ ಬಲ್ಲವರು ಅವರು, ಯಾವ ಊರಿನ ಗೌಡ ಹೇಗೆ ಎಂದು ಬಲ್ಲವರೂ ಅವರೇ. ಪಾದ್ರಿಯ ಅರೆಬರೆ ಮಾತನ್ನು ಜನರ ಮಾತಿಗೆ ತಂದು ಮುಟ್ಟಿಸುತ್ತಿದ್ದವರು ಅವರು. ವರದಿಗಳಲ್ಲಿ ಅವರ ಹೆಸರು ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಈ ಚರಿತ್ರೆಯ ಅರ್ಧ ಭಾರವನ್ನು ಹೊತ್ತದ್ದು ಅವರ ಹೆಗಲು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಜಾತ್ರೆಗಳು ಅವರ ದೊಡ್ಡ ಸಭೆ. ಬಳ್ಳಾರಿಯ ಮಿಶನರಿಗಳು ಹಂಪಿಯ ಜಾತ್ರೆಗೆ ಹೋಗುತ್ತಿದ್ದರು. ತೇರಿನ ಗದ್ದಲದ ನಡುವೆ, ವಿರೂಪಾಕ್ಷನ ಸನ್ನಿಧಿಯ ಬೀದಿಯಲ್ಲಿ, ಟೊಪ್ಪಿಗೆಯವನೊಬ್ಬ ಕನ್ನಡ ಮಾತಾಡುತ್ತಾನೆಂದರೆ ಜನ ಸೇರುತ್ತಿದ್ದರು. ಕುತೂಹಲದಿಂದ ಕೇಳುತ್ತಿದ್ದರು, ವಾದಕ್ಕೆ ನಿಲ್ಲುತ್ತಿದ್ದರು, ನಗುತ್ತಿದ್ದರು. ಹಂಚಿದ ಪುಸ್ತಕವನ್ನು ಮಡಿಲಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಊರಿಗೆ ಹೋದ ಮೇಲೆ ಅಕ್ಷರ ಬಲ್ಲವನೊಬ್ಬ ಓದಿ ಹೇಳಿದರೆ, ಅಚ್ಚಾದ ಕನ್ನಡವನ್ನು ಜನ ಮೊದಲ ಸಲ ಕೇಳಿದಂತಾಗುತ್ತಿತ್ತು.

ಮನೆ, ಮಕ್ಕಳು, ಗೋರಿ

ಈ ಬದುಕಿನ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಮನೆಯೊಳಗೆ ನೋಡಬೇಕು. ಬಾಸೆಲ್ ಮಿಶನ್ನಿನ ನಿಯಮದಂತೆ ಹೊಸಬ ಮದುವೆಯಾಗದೆ ಬರಬೇಕು. ಕೆಲವು ವರ್ಷ ದುಡಿದು, ಮಾತು ಕಲಿತ ಮೇಲೆ ಸಮಿತಿಯ ಅಪ್ಪಣೆ ಕೇಳಬೇಕು. ಅಪ್ಪಣೆ ಸಿಕ್ಕರೆ ಹೆಣ್ಣು ಹಡಗು ಹತ್ತಿ ಬರುತ್ತಿದ್ದಳು. ಎಷ್ಟೋ ಹೆಣ್ಣುಮಕ್ಕಳು ವರನ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಬಂದ ಮೇಲೆ ಹೆಣ್ಣುಮಕ್ಕಳ ಶಾಲೆ, ಹೊಲಿಗೆ ಪಾಠ, ಅನಾಥ ಮಕ್ಕಳ ಊಟ, ಬಾಣಂತಿಯರ ಆರೈಕೆ ಎಲ್ಲ ಅವಳ ಪಾಲಿಗೆ. ಗಂಡು ಪಾದ್ರಿಗೆ ಮುಚ್ಚಿದ್ದ ಹಿತ್ತಲ ಬಾಗಿಲು ಅವಳಿಗೆ ತೆರೆಯುತ್ತಿತ್ತು.

ಹೆತ್ತ ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಅವರನ್ನು ಯುರೋಪಿಗೆ ಕಳಿಸಬೇಕು. ಬಾಸೆಲ್ಲಿನಲ್ಲಿ ಮಿಶನರಿಗಳ ಮಕ್ಕಳಿಗೆಂದೇ ಒಂದು ಮನೆ ಇತ್ತು. ಐದಾರು ವರ್ಷದ ಮಗುವನ್ನು ಹಡಗಿಗೆ ಹತ್ತಿಸಿ ಬಂದ ತಾಯಿ ಅದನ್ನು ಮತ್ತೆ ಕಾಣುವಾಗ ಅದು ಬೆಳೆದು ನಿಂತಿರುತ್ತಿತ್ತು, ಆಡಿ ಬೆಳೆದ ಕನ್ನಡವನ್ನು ಮರೆತಿರುತ್ತಿತ್ತು. ಕೆಲವು ತಾಯಂದಿರಿಗೆ ಆ ಭೇಟಿಯೂ ಸಿಗಲಿಲ್ಲ. ಚಳಿಜ್ವರ, ವಾಂತಿಭೇದಿ, ಹೆರಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಬೈಬಲ್ಲಿನ ಕನ್ನಡವನ್ನು ತಿದ್ದಿ ಹಸನುಗೊಳಿಸಲು ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಅವನ ಬಂಧುವೂ ಜೊತೆಗಾರನೂ ಆಗಿದ್ದ ಹೆರ್ಮನ್ ಮೋಗ್ಲಿಂಗ್ ಆಮೇಲೆ ಅವನ ವಿಧವೆ ಪೌಲೀನಳನ್ನು ಮದುವೆಯಾಗಿ ಮಕ್ಕಳಿಗೆ ತಂದೆಯಾದ. ಮುಂದೆ ನಿಘಂಟು ಕಟ್ಟಿದ ಫರ್ಡಿನಾಂಡ್ ಕಿಟ್ಟೆಲ್ 1860ರಲ್ಲಿ ಮದುವೆಯಾದ ಪೌಲೀನ ಐತ್ 1864ರಲ್ಲೇ ತೀರಿಕೊಂಡಳು. ಅವನ ಮಕ್ಕಳಿಗೆ ತಾಯಿಯಾಗಿ ಬಂದವಳು ಅವಳ ತಂಗಿ ಜೂಲಿ.

ಹಳೆಯ ಮಿಶನ್ ಸ್ಮಶಾನಗಳಲ್ಲಿ ಸಣ್ಣ ಅಳತೆಯ ಗೋರಿಗಳ ಮುಂದೆ ನಿಂತಾಗ, ಧರ್ಮಗಳ ವಾದವನ್ನು ಕ್ಷಣಹೊತ್ತು ಬದಿಗಿಟ್ಟು ತಲೆ ಬಾಗುವುದು ಮನುಷ್ಯನಾದವನಿಗೆ ಸಹಜ.

ಪತ್ರಿಕೆ ಬಳ್ಳಾರಿಗೆ ಬಂದದ್ದು

ಮೋಗ್ಲಿಂಗ್ 1811ರಲ್ಲಿ ಹುಟ್ಟಿದವನು, 1836ರಲ್ಲಿ ಮಂಗಳೂರಿಗೆ ಬಂದವನು. 1843ರ ಜುಲೈ 1ರಂದು ಅವನು ‘ಮಂಗಳೂರ ಸಮಾಚಾರ’ ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ ಅದು. ಅದಕ್ಕೇ ಇಂದಿಗೂ ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನ. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಕಲ್ಲಚ್ಚಿನಲ್ಲಿ ಮುದ್ರಣ. ಊರ ಸುದ್ದಿ, ಸರಕಾರದ ನಿರೂಪ, ದೂರದೇಶದ ವರ್ತಮಾನ, ಗಾದೆ, ಕಥೆ ಎಲ್ಲವೂ ಅದರಲ್ಲಿ ಇರುತ್ತಿದ್ದವು. ಅರಮನೆ, ಮಠಗಳಲ್ಲಿ ಸುಳಿದಾಡುತ್ತಿದ್ದ ಸುದ್ದಿ ಓದು ಬಲ್ಲ ಯಾರ ಕೈಗಾದರೂ ಬರಲಿ ಎಂಬ ಆಲೋಚನೆ ಅಂದಿಗೆ ಹೊಸದು.

ಮರು ವರ್ಷ, 1844ರಲ್ಲಿ, ಪತ್ರಿಕೆ ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿಕೊಂಡು ಬಳ್ಳಾರಿಯಿಂದ ಹೊರಡತೊಡಗಿತು. ಅಲ್ಲಿ ಅಚ್ಚುಮೊಳೆಗಳಿದ್ದವು. ಹೆಸರಿನಲ್ಲಿ ಆದ ಬದಲಾವಣೆಯನ್ನು ಗಮನಿಸಬೇಕು. ಒಂದು ಊರಿನ ಸಮಾಚಾರ ಒಂದು ಭಾಷೆಯ ಸಮಾಚಾರವಾಯಿತು. ಆಗ ಕನ್ನಡಿಗರು ಮದ್ರಾಸು, ಮುಂಬಯಿ, ಮೈಸೂರು, ಹೈದರಾಬಾದು ಎಂದು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು. ಅವರನ್ನೆಲ್ಲ ಒಂದೇ ಓದುಗ ಬಳಗವೆಂದು ಕರೆದ ಹೆಸರು, ಮುಕ್ಕುಂದದ ಎದುರು ದಡದ ಜಿಲ್ಲೆಯಿಂದ ಹೊರಟಿತು. ಪತ್ರಿಕೆ ಬಹಳ ಕಾಲ ಬಾಳಲಿಲ್ಲ, ಆ ಹೆಸರು ಕಂಡ ಕನಸು ನನಸಾಗಲು 1956ರ ಏಕೀಕರಣ ಬರಬೇಕಾಯಿತು.

ಮೋಗ್ಲಿಂಗನ ಇನ್ನೊಂದು ಕೆಲಸ ಎಡೆದೊರೆ ನಾಡಿಗೆ ಇನ್ನೂ ಹತ್ತಿರದ್ದು. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಕೊಟ್ಟ ಹಣದಿಂದ ಅವನು 1848ರಿಂದ 1853ರವರೆಗೆ ಓಲೆಗರಿಗಳಲ್ಲಿದ್ದ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದ. ಜೈಮಿನಿ ಭಾರತ, ಬಸವ ಪುರಾಣ, ಚನ್ನಬಸವ ಪುರಾಣ, ದಾಸರ ಪದಗಳು. ಪುರಂದರ, ಕನಕರ ಪರಂಪರೆಯ ಹಾಡುಗಳು ಗಾಯಕರ ಗಂಟಲಿನಿಂದ ಅಚ್ಚಿನ ಹಾಳೆಗೆ ಇಳಿದದ್ದು ಹೀಗೆ. ಕ್ರಿಸ್ತನನ್ನು ಸಾರಲು ಬಂದ ಪಾದ್ರಿ ವೈಷ್ಣವ ದಾಸರ ಪದವನ್ನೂ ವೀರಶೈವ ಪುರಾಣವನ್ನೂ ಏಕೆ ಅಚ್ಚು ಹಾಕಿಸಬೇಕು? ಈ ಜನರ ಮನಸ್ಸು ಎಲ್ಲಿ ನೆಲೆಸಿದೆಯೋ ಅಲ್ಲಿಗೆ ಹೋಗದೆ ಅವರೊಡನೆ ಮಾತಾಡುವುದು ಸಾಧ್ಯವಿಲ್ಲ ಎಂದು ಅವನಿಗೆ ಅರಿವಾಗಿತ್ತು. ಆ ಹಾದಿಯಲ್ಲಿ ಹೋಗುತ್ತ ಹೋಗುತ್ತ ಅವನಿಗೆ ಆ ಸಾಹಿತ್ಯದ ಮೇಲೆ ಪ್ರೀತಿಯೇ ಹುಟ್ಟಿತು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ನೋವಿನ ಪಾಲು

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಕಥೆ ಅರ್ಧವಾಗುತ್ತದೆ. ಮಿಶನರಿಗಳ ಕರಪತ್ರಗಳಲ್ಲಿ ಇಲ್ಲಿನ ದೇವರು, ಪೂಜೆ, ನಂಬಿಕೆಗಳ ಬಗ್ಗೆ ಕಟುವಾದ ಮಾತುಗಳಿದ್ದವು. ಓದಿದವರಿಗೆ ನೋವಾಯಿತು, ಕೋಪ ಬಂತು. ಆಳುವವರ ಬಣ್ಣ, ಬೋಧಿಸುವವರ ಬಣ್ಣ ಒಂದೇ ಆಗಿದ್ದಾಗ ಬೋಧನೆಯ ಹಿಂದೆ ಅಧಿಕಾರದ ನೆರಳನ್ನು ಜನ ಕಂಡರೆ ತಪ್ಪೇನೂ ಇಲ್ಲ. ಮತಾಂತರ ಮನೆಗಳನ್ನು ಒಡೆಯಿತು. 1844ರಲ್ಲಿ ಮಂಗಳೂರಿನ ಸಾರಸ್ವತ ಮನೆತನದ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷೆ ಪಡೆದಾಗ ಊರೇ ಕಲಕಿಹೋಯಿತು. ಮಗನನ್ನು ಕಳೆದುಕೊಂಡ ಮನೆಯ ಅಳು, ಹೊಸ ನಂಬಿಕೆಯ ಕಡೆಗೆ ನಡೆದ ಯುವಕನ ಧೈರ್ಯ, ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಚರಿತ್ರೆ ಬರೆದಂತಾಗುವುದಿಲ್ಲ.

ಆನಂದರಾಯರ ಮುಂದಿನ ಬದುಕು ಈ ಕಥೆಯನ್ನು ತಿರುಗಿಸಿ ತೋರಿಸುತ್ತದೆ. 1846ರಲ್ಲಿ ಅವರು ಬಾಸೆಲ್ಲಿಗೆ ಹೋಗಿ ಅಲ್ಲಿನ ಸೆಮಿನರಿಯಲ್ಲಿ ಓದಿದರು. ಜರ್ಮನ್ನರು ಕನ್ನಡದ ಳಕಾರಕ್ಕೆ ತಿಣುಕಾಡಿದಂತೆ ಈ ಕರಾವಳಿಯ ಮನುಷ್ಯ ಜರ್ಮನ್ ವ್ಯಾಕರಣಕ್ಕೆ ತಿಣುಕಾಡಿದರು. 1851ರಲ್ಲಿ ಮಿಶನರಿಯಾಗಿಯೇ ಮರಳಿದರು. ಕೊಡಗಿನ ಆನಂದಪುರದಲ್ಲಿ, ಸ್ವಂತ ನೆಲವೆಂದರೇನೆಂದು ಕಂಡರಿಯದ ಹೊಲೆಯರ ನಡುವೆ ದುಡಿದರು. ಯಾರ ನೆರಳು ಬಿದ್ದರೂ ಮೈಲಿಗೆ ಎಂಬ ಕಟ್ಟಳೆಯಲ್ಲಿ ಬೆಳೆದಿದ್ದರೋ, ಅವರ ಜೊತೆಗೇ ಆನಂದರಾಯರ ಬಾಳು ಸಾಗಿತು.

ಮತ ಬದಲಿಸಿದ್ದಕ್ಕೆ ಊರು ಹೊರಗಿಟ್ಟವರಿಗೆ ಕಸುಬೂ ಹೋಗುತ್ತಿತ್ತು. ಅದಕ್ಕಾಗಿಯೇ ಬಾಸೆಲ್ ಮಿಶನ್ ಮಗ್ಗ ಹೂಡಿತು, ಅಚ್ಚುಕೂಟ ತೆರೆಯಿತು. 1865ರಲ್ಲಿ ಗಿಯಾರ್ಗ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ. ನಮ್ಮ ಎಷ್ಟೋ ಊರುಗಳ ಶಾಲೆ, ಕಚೇರಿಗಳ ಮೇಲಿನ ಮಂಗಳೂರು ಹಂಚಿನ ಬೇರು ಅಲ್ಲಿದೆ. ಮಿಶನ್ ಶಾಲೆಗಳ ಮಾತಿಗೆ ಬಂದರೆ, ಪುಸ್ತಕ ಓದಲು ಕಲಿಸಿದ್ದಕ್ಕಿಂತ, ಕೂಲಿಯಾಳಿನ ಮಗನನ್ನು ಉಳಿದವರ ಜೊತೆ ಅದೇ ಬೆಂಚಿನಲ್ಲಿ ಕೂರಿಸಿದ್ದು ದೊಡ್ಡ ಮಾತು ಎಂದು ನಾನು ನಂಬಿದ್ದೇನೆ. ಮಸ್ಕಿಯ ಬಂಡೆ ಹೇಳಿದ್ದೂ ಅದನ್ನೇ ತಾನೆ, ಸಣ್ಣವನೂ ಮುಟ್ಟಬಲ್ಲ ಎಂದು.

1876ರಿಂದ 78ರವರೆಗೆ ಧಾತು ಬರ ಬಂತು. ಬಳ್ಳಾರಿ, ರಾಯಚೂರು, ಧಾರವಾಡ ಸೀಮೆಗಳಲ್ಲಿ ಎರೆ ಹೊಲ ಬಾಯ್ಬಿಟ್ಟಿತು, ದನ ಸತ್ತವು, ಜನ ಊರು ಬಿಟ್ಟರು. ಆಗ ಮಿಶನ್ ಆವರಣಗಳು ಗಂಜಿಯ ಮನೆಗಳಾದವು, ತಬ್ಬಲಿ ಮಕ್ಕಳ ಆಲಯಗಳಾದವು. ಹಸಿವಿನಿಂದ ಬಂದವರು ಮತಕ್ಕೂ ಬಂದರೆ ಅದು ನಂಬಿಕೆಯೋ ಅನ್ನವೋ ಎಂದು ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಬದುಕಿ ಉಳಿದ ಮಗುವಿನ ಪಾಲಿಗೆ ಆ ದಿನದ ಗಂಜಿ ಗಂಜಿಯೇ.

ಶಬ್ದ ಕೂಡಿಟ್ಟ ಪಾದ್ರಿ

1853ರಲ್ಲಿ ಬಂದ ಕಿಟ್ಟೆಲ್ ತನ್ನ ಮಿಶನ್ನಿಗೇ ಒಗ್ಗದವನು. ಬಂಗಲೆ ಬಿಟ್ಟು ಜನರ ನಡುವೆ ಬಾಳಬೇಕು, ಕಾಲ್ನಡಿಗೆಯಲ್ಲಿ ತಿರುಗಬೇಕು, ಕನ್ನಡಿಗರಿಗೆ ಕನ್ನಡಿಗನಾಗಬೇಕು ಎಂದು ಹಟ ಹಿಡಿದ. ಮೇಲಿನವರಿಗೆ ಇದು ಸೇರಲಿಲ್ಲ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ವರ್ಗವಾಗುತ್ತ ಹೋದ. ಕ್ರಿಸ್ತನ ಚರಿತೆಯನ್ನು 1862ರಲ್ಲಿ ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕನ್ನಡದ ಷಟ್ಪದಿಗಳಲ್ಲಿ ಬರೆದ. ಮಾನ್ವಿಯ ಜಗನ್ನಾಥದಾಸರು ಹರಿಕಥಾಮೃತಸಾರಕ್ಕೆ ಆರಿಸಿಕೊಂಡದ್ದೂ ಷಟ್ಪದಿಯನ್ನೇ. ಎರಡು ನಂಬಿಕೆಯವರು ಒಂದೇ ಅಳತೆಯ ಪಾತ್ರೆಯಲ್ಲಿ ತಮ್ಮ ತಮ್ಮ ಅಮೃತ ತುಂಬಿದಂತೆ ನನಗೆ ಇದು ಕಾಣುತ್ತದೆ.

1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಅವನು ಸಂಪಾದಿಸಿ ಕೊಟ್ಟ. ಆಮೇಲೆ ನಿಘಂಟು. 1877ರಲ್ಲಿ ಜರ್ಮನಿಗೆ ಹೋದವನು, ಶಬ್ದ ಸಾಲವೆಂದು 1883ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಒಬ್ಬನೇ ಮರಳಿದ. ಒಂಬತ್ತು ವರ್ಷ ಒಬ್ಬನೇ ಇದ್ದ. ಕಣ್ಣು ಮಂಜಾಯಿತು, ಮೈ ಸೋತಿತು. ಪಂಡಿತರ ಓಲೆಗರಿಯಿಂದ ಒಂದು ಶಬ್ದ, ಬೀದಿಯಿಂದ ಒಂದು ಶಬ್ದ, ಗಾದೆಯಿಂದ ಒಂದು ಶಬ್ದ ಹೆಕ್ಕಿದ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕನ್ನಡ-ಇಂಗ್ಲಿಷ್ ನಿಘಂಟು 1700ಕ್ಕೂ ಹೆಚ್ಚು ಪುಟಗಳದು, ಸುಮಾರು 70,000 ಶಬ್ದಗಳದು. 1903ರಲ್ಲಿ ಕನ್ನಡ ವ್ಯಾಕರಣವೂ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟ್ಟೆಲ್ ಟ್ಯೂಬಿಂಗೆನ್‌ನಲ್ಲಿ ಕಣ್ಣುಮುಚ್ಚಿದ. ಎಷ್ಟು ಜನರನ್ನು ಅವನು ಮತಕ್ಕೆ ತಂದ ಎಂದು ಇಂದು ಯಾರೂ ಕೇಳುವುದಿಲ್ಲ. ಅವನ ನಿಘಂಟು ತೆರೆಯದ ಕನ್ನಡ ವಿದ್ವಾಂಸನಿಲ್ಲ.

ಹೋದವರು, ಉಳಿದದ್ದು

1914ರಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು. ಎಂಬತ್ತು ವರ್ಷದಿಂದ ಈ ನೆಲದಲ್ಲಿ ಶಾಲೆ, ಆಸ್ಪತ್ರೆ ಕಟ್ಟಿದವರು ಒಂದೇ ದಿನದಲ್ಲಿ ಸರಕಾರದ ಕಣ್ಣಿಗೆ ಶತ್ರು ದೇಶದ ಪ್ರಜೆಗಳಾದರು. ಜರ್ಮನ್ ಮಿಶನರಿಗಳನ್ನು ಹಿಡಿದು ಅಹಮದ್‌ನಗರದ ಶಿಬಿರದಲ್ಲಿಟ್ಟರು, ಆಮೇಲೆ ದೇಶದಿಂದಲೇ ಕಳಿಸಿದರು. ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಕನ್ನಡದಲ್ಲಿ ಕನಸು ಕಾಣುವಷ್ಟು ಕಾಲ ಇಲ್ಲಿದ್ದವರು ಹಡಗು ಹತ್ತಿದರು. ಗದಗ-ಬೆಟಗೇರಿಯ ಹಳಬರು ಮಿಶನ್ನಿನ ಆಸ್ಪತ್ರೆಯನ್ನು ಮಾತ್ರ ‘ಜರ್ಮನ್ ದವಾಖಾನಿ’ ಎಂದೇ ಕರೆಯುತ್ತ ಬಂದರು.

ಬಂದವರು ಹೋದರು, ಕಲಿತವರು ಉಳಿದರು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಸಭಾಪಾಲಕರು. ಅವರು ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿದರು, 1924ರಲ್ಲಿ ಪ್ರಕಟಿಸಿದರು. ‘ತಿರುಳ್ಗನ್ನಡದ ತಿರುಕ’ ಎಂದು ತಮ್ಮನ್ನು ಕರೆದುಕೊಂಡರು. ಮಿಶನರಿಯ ತಿರುಗಾಟ, ದಾಸರ ತಿರುಗಾಟ, ಸರ್ವಜ್ಞನ ತಿರುಗಾಟ ಎಲ್ಲ ಆ ಒಂದು ಹೆಸರಿನಲ್ಲಿ ಕೂಡಿಕೊಂಡವು. ಹೈದರಾಬಾದು ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ಮರು ವರ್ಷ, 1949ರಲ್ಲಿ, ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಕನ್ನಡಕ್ಕೆ ಹಸಿದಿದ್ದ ಈ ಸೀಮೆಯ ಜನರ ಮುಂದೆ ಅಧ್ಯಕ್ಷರಾಗಿ ಕುಳಿತವರು ಉತ್ತಂಗಿಯವರು. ಆ ಪೀಠದಲ್ಲಿ ಒಬ್ಬ ಪಾದ್ರಿ ಕುಳಿತಿದ್ದಾರೆಂದು ಯಾರಿಗೂ ಹೊರಗಿನದೆನಿಸಲಿಲ್ಲ. ಅಷ್ಟರ ಮಟ್ಟಿಗೆ ಮಾತು ನೆಲಕ್ಕಿಳಿದಿತ್ತು.

ಮುದಗಲ್ಲಿನ ಇಗರ್ಜಿಗೆ ಮರಳಿ ಈ ಮಾತು ಮುಗಿಸುತ್ತೇನೆ. ನಾಲ್ಕು ಶತಮಾನ ಅಲ್ಲಿ ದೀಪ ಆರಲಿಲ್ಲ. ಸುಲ್ತಾನರು ಹೋದರು, ಮೊಗಲರು ಬಂದರು, ನಿಜಾಮ ಬಂದ. ಆದರೆ ಪೀಠದ ಮೇಲೆ ಬಲಿಪೂಜೆಯ ಭಾಷೆ ಲ್ಯಾಟಿನ್ ಆಗಿಯೇ ಇತ್ತು, ಲೋಕದ ಬಹುಪಾಲು ಕ್ಯಾಥೊಲಿಕ್ ಗುಡಿಗಳಲ್ಲಿ ಇದ್ದಂತೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಒಪ್ಪಿಗೆ ಕೊಟ್ಟ ಮೇಲೆ ಕನ್ನಡ ಪೀಠವೇರಿತು. ತಲೆತಲಾಂತರದಿಂದ ಮೊಣಕಾಲೂರಿ, ತಿಳಿಯದ ಮಾತಿಗೆ ತಲೆಬಾಗುತ್ತ ಬಂದ ಎರೆ ನಾಡಿನ ಅಜ್ಜಿಯೊಬ್ಬಳು, ಪಾದ್ರಿ ತಾನು ಹೊಲದಲ್ಲಿ ಆಡುವ ಮಾತಿನಲ್ಲೇ ದೇವರನ್ನು ಕರೆದದ್ದನ್ನು ಕೇಳಿ ತಲೆಯೆತ್ತಿರಬೇಕು. ಮಸ್ಕಿಯ ಬಂಡೆ ಇಟ್ಟ ಪ್ರಶ್ನೆಗೆ ಆ ತಲೆಯೆತ್ತಿದ್ದೇ ಉತ್ತರ.